ಆರು ಸಾವಿರ ಮೀಟರ್ ಎತ್ತರದಲ್ಲಿ ಮುಚ್ಚಳ ತೆರೆಯಬೇಕಲ್ಲ!

ಮೊದಲೇ ಹೇಳಿಬಿಡುತ್ತೇನೆ. ಎರಡು ಸೀಸನ್ ಹಿಮಾಲಯದಲ್ಲಿ ಬಳಸಿ, ಮುಂದಿನ ಸಲವೂ ಬ್ಯಾಗಿಗೆ ಹಾಕಿಕೊಳ್ಳಲಿರುವ ಬಾಟಲಿ ನ್ಯಾಲ್ಜೀನ್ ಕಂಪನಿಯದು. ಒಂದು ಲೀಟರ್, ಅಗಲ ಬಾಯಿ, ಹಾಲುಬಿಳಿ ಬಣ್ಣದ ಎಚ್‌ಡಿಪಿಇ ಪ್ಲಾಸ್ಟಿಕ್. ನೋಡೋಕೆ ಏನೂ ಚೆನ್ನಾಗಿಲ್ಲ. ಪಾರ್ಸೆಲ್ ಬಿಚ್ಚಿದಾಗ ಅಮ್ಮ "ಇದೇನೋ ಇದು, ಫಿನೈಲ್ ಡಬ್ಬ ಇದ್ದ ಹಾಗಿದೆ, ಇದಕ್ಕೆ ಸಾವಿರ ರೂಪಾಯಿ ಕೊಟ್ಟೆಯಾ" ಅಂದರು. ಸಾವಿರದ ಮೇಲೆ ಚಿಲ್ಲರೆಯೂ ಆಗಿತ್ತು, ಅದನ್ನ ನಾನು ಹೇಳಲಿಲ್ಲ.

ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಈ ಕಂಪನಿ 1949ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಶುರುವಾಗಿದ್ದೇ ಲ್ಯಾಬುಗಳಿಗೆ ಪ್ಲಾಸ್ಟಿಕ್ ಪಾತ್ರೆ ಮಾಡೋಕೆ. ಕೆಮಿಕಲ್ ತುಂಬಿಸಿಡುವ ಬಾಟಲಿಗಳನ್ನ ಕಾಡಿಗೆ, ಬೆಟ್ಟಕ್ಕೆ ತೆಗೆದುಕೊಂಡು ಹೋಗೋಕೆ ಶುರು ಮಾಡಿದ್ದು ಜನ. ಕಂಪನಿ ಆಮೇಲೆ ಅದನ್ನೇ ವ್ಯಾಪಾರ ಮಾಡಿಕೊಂಡಿತು.

ಬೆಂಗಳೂರಿನಲ್ಲಿ ಕೂತು ಬಾಟಲಿ ಆರಿಸುವಾಗ ನಾವು ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಗಂಟೆ ಬಿಸಿ ಇರುತ್ತೆ, ಬ್ಯಾಗಿನಲ್ಲಿ ಲೀಕ್ ಆಗುತ್ತಾ, ಬಣ್ಣ ಯಾವುದಿದೆ. ಮೇಲೆ ಹೋದ ಮೇಲೆ ಉಳಿಯುವುದು ಒಂದೇ: ರಾತ್ರಿ ಮೂರು ಗಂಟೆಗೆ, ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಒಂದು ಕೈಯಲ್ಲಿ ಐಸ್ ಆ್ಯಕ್ಸ್ ಹಿಡಿದು, ಇದರ ಮುಚ್ಚಳ ತೆಗೆಯೋಕೆ ಆಗುತ್ತಾ? ಆಗಲ್ಲ ಅಂದರೆ ಒಳಗೆ ಒಂದು ಲೀಟರ್ ನೀರಿದ್ದರೂ ಒಂದೇ, ಒಂದು ಕೆಜಿ ಕಲ್ಲಿದ್ದರೂ ಒಂದೇ.

ನನಗೆ ಇದು ಗೊತ್ತಾಗಿದ್ದು ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್‌ನಲ್ಲಿ. 5,289 ಮೀಟರ್. ಸೋಲಾಂಗ್ ಕಣಿವೆಯಿಂದ ಧುಂಡಿ, ಬಕರ್‌ಥಾಚ್, ಅಲ್ಲಿಂದ ಲೇಡಿ ಲೆಗ್ ಅನ್ನುವ ಜಾಗದಲ್ಲಿ ಮೇಲಿನ ಕ್ಯಾಂಪ್. ಹೊರಡುವ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ "ಸಾರ್, ಈಗ ಯಾರೂ ಬಾಟಲಿ ತಗೊಂಡು ಹೋಗಲ್ಲ, ಎಲ್ಲಾ ಬ್ಲ್ಯಾಡರ್" ಅಂದರು. ಬೆನ್ನಿಗೆ ನೀರಿನ ಚೀಲ, ಭುಜದ ಮೇಲಿಂದ ಪೈಪು, ನಡೆಯುತ್ತಾ ನಡೆಯುತ್ತಾ ಹೀರಬಹುದು. ಕುಮಾರ ಪರ್ವತದಲ್ಲಿ ಎರಡು ಸಲ ಹಾಕಿಕೊಂಡು ಹೋಗಿ ನೋಡಿದೆ, ಬಹಳ ಖುಷಿಯಾಯಿತು. ಕುಮಾರ ಪರ್ವತದ ಎತ್ತರ 1,712 ಮೀಟರ್, ಅಲ್ಲಿ ಹೆಪ್ಪುಗಟ್ಟುವುದು ನಮ್ಮ ಮಂಡಿ ಮಾತ್ರ ಅನ್ನೋದು ಆಗ ತಲೆಗೆ ಹೋಗಲಿಲ್ಲ.

ಲೇಡಿ ಲೆಗ್‌ನಿಂದ ರಾತ್ರಿ ಒಂದೂವರೆಗೆ ಹೊರಟೆವು. ಎರಡೂವರೆಗೆ ಒಂದು ಗುಟುಕು ಕುಡಿದೆ. ಮೂರೂಕಾಲಿಗೆ ಮತ್ತೆ ಬಾಯಿಗೆ ಇಟ್ಟು ಎಳೆದರೆ ಏನೂ ಬರಲಿಲ್ಲ. ಬೆನ್ನಿಗೆ ಅಂಟಿಕೊಂಡಿದ್ದ ಚೀಲದಲ್ಲಿ ನೀರು ನೀರಾಗಿಯೇ ಇತ್ತು, ಆದರೆ ಗಾಳಿಗೆ ಒಡ್ಡಿಕೊಂಡಿದ್ದ ಪೈಪಿನೊಳಗೆ ನಿಂತ ನೀರು ಐಸ್ ಕಡ್ಡಿಯಾಗಿತ್ತು. ಕುಡಿದಾದ ಮೇಲೆ ಪೈಪಿಗೆ ಊದಿ ನೀರನ್ನ ವಾಪಸ್ ಚೀಲಕ್ಕೆ ತಳ್ಳಬೇಕು ಅಂತ ನನಗೆ ಗೊತ್ತಿತ್ತು, ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ! ಏದುಸಿರು ಬಿಡುತ್ತಾ ಕಡಿದಾದ ಹಿಮದ ಮೇಲೆ ನಿಂತಿರುವಾಗ, ಉಸಿರೇ ಸಾಲದಿರುವಾಗ, ಪೈಪಿಗೆ ಊದೋದು ಯಾರಿಗೆ ನೆನಪಾಗುತ್ತೆ ಹೇಳಿ.

ಇರಲಿ, ಎರಡನೆಯ ಬಾಟಲಿ ಇದೆಯಲ್ಲ ಅಂದುಕೊಂಡೆ. ಅದು ಬ್ಯಾಗಿನ ಪಕ್ಕದ ಜೇಬಿನಲ್ಲಿದ್ದ ಸ್ಟೀಲ್ ಬಾಟಲಿ, ಒಂದೇ ಪದರದ್ದು, ಸಣ್ಣ ಬಾಯಿ, ಮೇಲೆ ಮಡಚುವ ಸಿಪ್ಪರ್. ಸಿಪ್ಪರ್ ಏಳಲೇ ಇಲ್ಲ. ಮುಚ್ಚಳ ತಿರುಗಿಸೋಣ ಅಂದರೆ ಗ್ಲೌಸ್ ಜಾರುತ್ತೆ. ಹೊರಗಿನ ದಪ್ಪ ಗ್ಲೌಸ್ ತೆಗೆದು ತೆಳು ಗ್ಲೌಸಿನಲ್ಲಿ ಹಿಡಿದರೆ ಸ್ಟೀಲಿನ ಚಳಿ ಬೆರಳಿನ ಮೂಳೆಗೇ ಇಳಿಯಿತು. ಐದು ನಿಮಿಷ ಒದ್ದಾಡಿ ಬಿಟ್ಟುಬಿಟ್ಟೆ. ಆಮೇಲೆ ಬೆರಳು ಮತ್ತೆ ನನ್ನವು ಅನ್ನಿಸೋಕೆ ಅರ್ಧ ಗಂಟೆ ಬೇಕಾಯಿತು. 4,900 ಮೀಟರ್ ಹತ್ತಿರ ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಗೈಡ್ ನನ್ನ ಮುಖ ನೋಡಿ ಇಳಿಯೋಣ ಅಂದರು. ಶಿಖರ ತಪ್ಪಿದ್ದಕ್ಕೆ ಬಾಟಲಿ ಒಂದೇ ಕಾರಣ ಅಂತ ಹೇಳಲ್ಲ, ನನ್ನ ತಯಾರಿಯೂ ಅಷ್ಟಕ್ಕಷ್ಟೇ ಇತ್ತು. ಆದರೆ ಬೆನ್ನ ಮೇಲೆ ಎರಡೂವರೆ ಲೀಟರ್ ನೀರು ಹೊತ್ತುಕೊಂಡು ಬಾಯಾರಿ ವಾಪಸ್ ಬಂದೆ ಅನ್ನೋದು ಇವತ್ತಿಗೂ ನಾಚಿಕೆ.

ಎತ್ತರದಲ್ಲಿ ನೀರು ಯಾಕೆ ಅಷ್ಟು ಮುಖ್ಯ ಅಂತ ಕೆಲವರು ಕೇಳುತ್ತಾರೆ, ಬೆವರೇ ಬರಲ್ವಲ್ಲ ಅಂತ. ಬೆವರಲ್ಲ, ಉಸಿರು. ಅಲ್ಲಿನ ಗಾಳಿ ಬರೀ ಒಣ. ಜೋರಾಗಿ ಉಸಿರಾಡಿದಷ್ಟೂ ಒಳಗಿನ ತೇವ ಹೊರಗೆ ಹೋಗುತ್ತಿರುತ್ತದೆ, ಜೊತೆಗೆ ಚಳಿಗೆ ಮೂತ್ರವೂ ಜಾಸ್ತಿ. ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಿರಿ ಅಂತ ಗೈಡ್‌ಗಳು ಬೈದು ಬೈದು ಹೇಳೋದು ಅದಕ್ಕೇ. 1952ರಲ್ಲಿ ಸ್ವಿಸ್ ತಂಡದ ಜೊತೆ ಎವರೆಸ್ಟಿಗೆ ಹೋದ ತೇನ್ಸಿಂಗ್ ನೋರ್ಗೆ ಮತ್ತು ರೇಮಂಡ್ ಲ್ಯಾಂಬರ್ಟ್ ಕೊನೆಯ ಕ್ಯಾಂಪಿನಲ್ಲಿ, 8,400 ಮೀಟರ್ ಆಸುಪಾಸಿನಲ್ಲಿ, ಸ್ಟೌ ಕೂಡ ಇಲ್ಲದೆ ರಾತ್ರಿ ಕಳೆದರು. ಮೇಣದಬತ್ತಿಯ ಉರಿಯಲ್ಲಿ ಹಿಮ ಕರಗಿಸಿ ಗುಟುಕು ಗುಟುಕು ಕುಡಿದರು. ಮರುದಿನ 8,600ರ ಹತ್ತಿರದವರೆಗೆ ಹೋಗಿ ತಿರುಗಿ ಬಂದರು. ಮುಂದಿನ ವರ್ಷ ಬ್ರಿಟಿಷ್ ತಂಡದಲ್ಲಿ ಗ್ರಿಫಿತ್ ಪ್ಯೂ ಅನ್ನುವ ಶರೀರಶಾಸ್ತ್ರದ ತಜ್ಞ ಇದ್ದರು, ಎಷ್ಟು ಎತ್ತರದಲ್ಲಿದ್ದರೂ ಹಿಮ ಕರಗಿಸಿ ಹೊಟ್ಟೆ ತುಂಬ ಕುಡಿಯಲೇಬೇಕು ಅಂತ ಹಟ ಹಿಡಿದರು. ಆ ಸಲ ತೇನ್ಸಿಂಗ್ ಮತ್ತು ಹಿಲರಿ ಮೇಲೆ ನಿಂತಿದ್ದು ಎಲ್ಲರಿಗೂ ಗೊತ್ತು. ಆಕ್ಸಿಜನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೀರಿನ ಬಗ್ಗೆ ಕಡಿಮೆ.

ಸರಿ, ಬಾಟಲಿಗೆ ಬರೋಣ. ಮರುವರ್ಷ ಲಡಾಖಿನ ಕಾಂಗ್ ಯಾತ್ಸೆ-2ಕ್ಕೆ ಹೊರಟಾಗ, ಅಂದರೆ 6,250 ಮೀಟರಿಗೆ, ಈ ಫಿನೈಲ್ ಡಬ್ಬ ಎರಡು ಮತ್ತು ಮನೆಯಲ್ಲಿದ್ದ ಮುಕ್ಕಾಲು ಲೀಟರಿನ ಸ್ಟೀಲ್ ಫ್ಲಾಸ್ಕ್ ಒಂದು, ಇಷ್ಟೇ ತೆಗೆದುಕೊಂಡು ಹೋದೆ.

ಇದರ ಬಾಯಿ 63 ಮಿಲಿಮೀಟರ್ ಅಗಲ. ಬಾಟಲಿ ಅನ್ನೋದಕ್ಕಿಂತ ಉಪ್ಪಿನಕಾಯಿ ಜಾಡಿ ಅನ್ನಬಹುದು. ಈ ಅಗಲದಿಂದ ಏನೆಲ್ಲ ಅನುಕೂಲ ಅಂದರೆ, ಮೊದಲನೆಯದು, ಬಾಯಿಯ ಸುತ್ತ ಐಸ್ ಕಟ್ಟಿದರೂ ನಡುವೆ ಜಾಗ ಉಳಿಯುತ್ತದೆ, ಮೇಲೆ ತೆಳುವಾಗಿ ಪದರ ಕಟ್ಟಿದ್ದರೆ ಚಮಚದ ಹಿಡಿಯಿಂದ ಒಡೆದು ಕುಡಿಯಬಹುದು. ಸಣ್ಣ ಬಾಯಿಗೆ ಬೆರಳಿನಷ್ಟು ಐಸ್ ಸಾಕು, ಬಿರಡೆ ಹಾಕಿದ ಹಾಗೆ. ಎರಡನೆಯದು, ಹಿಮ ಕರಗಿಸಿದ ನೀರನ್ನ ಪಾತ್ರೆಯಿಂದ ನೇರ ಸುರಿಯಬಹುದು. ಇದು ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ಲೆಕ್ಕ ನೋಡಿ. ಒಂದು ಲೀಟರ್ ನೀರಾಗುವಷ್ಟು ಐಸ್ ಬರೀ ಕರಗೋಕೆ ಎಷ್ಟು ಶಾಖ ಬೇಕೋ, ಅಷ್ಟೇ ಶಾಖದಲ್ಲಿ ಆ ನೀರನ್ನ ಸೊನ್ನೆ ಡಿಗ್ರಿಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಕೈ ನಡುಗಿ ಅರ್ಧ ಲೋಟ ಹೊರಗೆ ಚೆಲ್ಲಿದರೆ ಹೋಗೋದು ನೀರು ಮಾತ್ರ ಅಲ್ಲ, ಹೊತ್ತು ತಂದ ಗ್ಯಾಸ್.

ಮುಚ್ಚಳ ದೊಡ್ಡದು, ಅಂಚಿನಲ್ಲಿ ಒರಟು ಗೆರೆಗಳಿವೆ, ಥ್ರೆಡ್ ದಪ್ಪ. ದಪ್ಪ ಮಿಟನ್, ಅಂದರೆ ನಾಲ್ಕು ಬೆರಳಿಗೂ ಒಂದೇ ಚೀಲವಿರುವ ಗ್ಲೌಸ್, ಹಾಕಿಕೊಂಡೇ ತಿರುಗಿಸಬಹುದು. ನಾನು ಮನೆಯಲ್ಲಿ ಫ್ರೀಜರಿನಲ್ಲಿ ರಾತ್ರಿ ಇಟ್ಟು, ಬೆಳಿಗ್ಗೆ ಮಿಟನ್ ಹಾಕಿಕೊಂಡು ತೆಗೆದು ನೋಡಿದೆ. ಅಡುಗೆಮನೆಯಲ್ಲಿ ಮಿಟನ್ ಹಾಕಿಕೊಂಡು ನಿಂತವನನ್ನ ನೋಡಿ ಮನೆಯವರು ಏನಂದುಕೊಂಡರೋ. ನೀವೂ ಯಾವ ಬಾಟಲಿ ಕೊಂಡರೂ ಈ ಪರೀಕ್ಷೆ ಒಂದು ಮಾಡಿ, ಬೇರೆ ಯಾವ ರಿವ್ಯೂವೂ ಬೇಡ, ನನ್ನದೂ ಬೇಡ. ಪೂರ್ತಿ ತುಂಬಿಸಿ ಮಾತ್ರ ಇಡಬೇಡಿ. ನೀರು ಐಸ್ ಆಗುವಾಗ ಸುಮಾರು 9 ಭಾಗ ಹಿಗ್ಗುತ್ತದೆ, ನೂರಕ್ಕೆ. ಮುಚ್ಚಳಕ್ಕೆ ಒಂದು ಪಟ್ಟಿ ಇದೆ, ತೆಗೆದರೆ ಬಾಟಲಿಗೇ ನೇತಾಡುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಮುಚ್ಚಳ ಕೈತಪ್ಪಿದರೆ ಕಣಿವೆಗೇ ಹೋಗುತ್ತೆ, ಅದಕ್ಕೆ ಈ ಪಟ್ಟಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಇದೇ ಬಾಟಲಿ ಎರಡು ಪ್ಲಾಸ್ಟಿಕ್‌ನಲ್ಲಿ ಬರುತ್ತದೆ. ಗಾಜಿನ ಹಾಗೆ ಕಾಣುವ, ಬಣ್ಣ ಬಣ್ಣದ ಟ್ರೈಟಾನ್ ಒಂದು. ಮೊದಲು ಆ ಜಾಗದಲ್ಲಿ ಪಾಲಿಕಾರ್ಬೊನೇಟ್ ಇತ್ತು, ಅದರಲ್ಲಿರುವ ಬಿಪಿಎ ಅನ್ನುವ ಕೆಮಿಕಲ್ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ಗಲಾಟೆ ಎದ್ದ ಮೇಲೆ 2008ರಲ್ಲಿ ಅದನ್ನ ಬಿಟ್ಟರು. ಇನ್ನೊಂದು ನನ್ನ ಹತ್ತಿರ ಇರುವ ಮಂಕು ಬಿಳಿಯ ಎಚ್‌ಡಿಪಿಇ. ಟ್ರೈಟಾನ್ ಒಂದು ಲೀಟರಿನದ್ದು 180 ಗ್ರಾಂ ಹತ್ತಿರ, ಎಚ್‌ಡಿಪಿಇ 110 ಗ್ರಾಂ ಹತ್ತಿರ. ಎರಡು ಬಾಟಲಿಗೆ 140 ಗ್ರಾಂ ಉಳಿತಾಯ, ಅಂದರೆ ಒಂದು ಜೊತೆ ದಪ್ಪ ಉಣ್ಣೆ ಸಾಕ್ಸ್. ಎಚ್‌ಡಿಪಿಇ ಸ್ವಲ್ಪ ಮೆತ್ತಗೆ, ಒತ್ತಿದರೆ ಬಗ್ಗುತ್ತದೆ, ಚಳಿಯಲ್ಲೂ ಬಗ್ಗುತ್ತದೆ, ಅದರಿಂದಲೇ ಬಿದ್ದರೆ ಒಡೆಯುವ ಭಯ ಕಡಿಮೆ. ಒಳಗೆ ಐಸ್ ಕಟ್ಟಿದರೆ ಹೊರಗಿನಿಂದ ಹಿಸುಕಿ ಬಿಡಿಸಬಹುದು. ಆಫೀಸಿಗೆ ಬೇಕಾದರೆ ಟ್ರೈಟಾನ್ ತಗೊಳ್ಳಿ. ಬೆಟ್ಟಕ್ಕೆ ಬಿಳಿಯದೇ ಸರಿ.

"ಇಪ್ಪತ್ತು ರೂಪಾಯಿ ನೀರಿನ ಬಾಟಲಿ ಸಾಲದಾ?" ಇದನ್ನ ನನ್ನ ತಮ್ಮ ಕೇಳಿದ. ಹಗುರ ಅನ್ನೋದು ನಿಜ. ಆದರೆ ಅದು ಪೆಟ್ ಪ್ಲಾಸ್ಟಿಕ್, 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬೇಸ್ ಕ್ಯಾಂಪಿನಲ್ಲಿ ನಮಗೆ ಕೊಡುವುದೆಲ್ಲ ಬಿಸಿ ನೀರು. ಕಾಂಗ್ ಯಾತ್ಸೆ ಬೇಸ್ ಕ್ಯಾಂಪ್ 5,100 ಮೀಟರ್ ಹತ್ತಿರ, ಅಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ನಮ್ಮೂರಿನ ಲೆಕ್ಕಕ್ಕೆ ಅದು ಪೂರ್ತಿ ಕುದಿಯೇ ಅಲ್ಲ, ಆದರೆ ಆ ಬಾಟಲಿಯನ್ನ ಬದನೆಕಾಯಿ ಸುಟ್ಟ ಹಾಗೆ ಮುದುಡಿಸೋಕೆ ಸಾಕು. ನಮ್ಮ ತಂಡದ ಒಬ್ಬರದ್ದು ಹಾಗೇ ಆಯಿತು.

ಕುದಿಯುವ ನೀರನ್ನ ತಡೆದುಕೊಳ್ಳೋದು ಇನ್ನೊಂದು ಕಾರಣಕ್ಕೂ ಬೇಕು. ರಾತ್ರಿ ಊಟ ಆದ ಮೇಲೆ ಬಿಸಿ ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗೆ ಹಿಡಿದು ಅಲ್ಲಾಡಿಸಿ ಒಂದು ಹನಿಯೂ ಬರಲ್ಲ ಅಂತ ನೋಡಿ, ಉಣ್ಣೆ ಸಾಕ್ಸ್ ಒಳಗೆ ತುರುಕಿ ಸ್ಲೀಪಿಂಗ್ ಬ್ಯಾಗಿನ ಕಾಲ ಹತ್ತಿರ ಹಾಕಿಕೊಂಡರೆ, ಆಹಾ! ಅದರ ಸುಖ ಗೊತ್ತಿದ್ದವರಿಗೇ ಗೊತ್ತು. ಕಾಂಗ್ ಯಾತ್ಸೆ ದಾರಿಯ ನಿಮಾಲಿಂಗ್ ಕ್ಯಾಂಪಿನಲ್ಲಿ ಸಂಜೆ ಆರಕ್ಕೇ ಕಾಲು ಮರಗಟ್ಟಿತ್ತು, ಒಂಬತ್ತಕ್ಕೆ ನಾನು ರಾಜ. ಒದ್ದೆ ಸಾಕ್ಸ್ ಆದರೆ ಬೆಳಿಗ್ಗೆ ಒಣಗಿಯೂ ಇರುತ್ತದೆ. ಬೆಳಿಗ್ಗೆ ಕುಡಿಯೋಕೆ ಕರಗಿದ ನೀರೂ ರೆಡಿ. ಬ್ಲ್ಯಾಡರಿನಲ್ಲಿ ಇದನ್ನ ಮಾಡೋಕೆ ನನಗಂತೂ ಧೈರ್ಯ ಇಲ್ಲ. ಡೌನ್, ಅಂದರೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ, ಸ್ಲೀಪಿಂಗ್ ಬ್ಯಾಗ್ ಒಳಗೆ ನೀರು ಚೆಲ್ಲಿದರೆ ಆ ಪ್ರವಾಸ ಅಲ್ಲಿಗೇ ಮುಗಿಯಿತು.

ಸಮಿಟ್ ದಿನದ ಕಥೆ. ರಾತ್ರಿ ಹನ್ನೊಂದೂವರೆಗೆ ಹೊರಡುವಾಗ ಎರಡೂ ಬಾಟಲಿಗೆ ಬಿಸಿ ನೀರು. ನಾನು ಅಭ್ಯಾಸಬಲದಿಂದ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದೆ. ನಮ್ಮ ಗೈಡ್, ಲಡಾಖಿನವರು, ಎಲ್ಲರೂ ಅವರನ್ನ ಅಚೋ ಅಂತಿದ್ದೆವು, ಅಲ್ಲಿ ಅಣ್ಣನಿಗೆ ಹಾಗೆ ಅನ್ನುತ್ತಾರೆ, ಬಂದು ಒಂದು ಮಾತೂ ಆಡದೆ ಬಾಟಲಿ ಎಳೆದು, ನನ್ನ ಡೌನ್ ಜಾಕೆಟ್ಟಿಗೆ ಸುತ್ತಿ, ಬ್ಯಾಗಿನ ಒಳಗೆ ಬೆನ್ನಿನ ಕಡೆಗೆ ತಲೆಕೆಳಗಾಗಿ ಇಟ್ಟರು. "ಉಲ್ಟಾ?" ಅಂದೆ. "ಉಲ್ಟಾ" ಅಂದರು.

ಕಾರಣ ಸರಳ. ಐಸ್ ತೇಲುತ್ತದೆ, ಹಾಗಾಗಿ ಹೆಪ್ಪುಗಟ್ಟೋದು ಮೇಲಿನಿಂದ ಶುರು. ಬಾಟಲಿ ನೆಟ್ಟಗಿದ್ದರೆ ಮೊದಲು ಸಿಕ್ಕಿಕೊಳ್ಳೋದು ಮುಚ್ಚಳ. ತಲೆಕೆಳಗಿದ್ದರೆ ಐಸ್ ಕಟ್ಟೋದು ತಳದಲ್ಲಿ, ಮುಚ್ಚಳದ ಕಡೆ ನೀರೇ ಇರುತ್ತದೆ. ಕೆರೆ ಮೇಲೆ ಹೆಪ್ಪುಗಟ್ಟಿದರೂ ಕೆಳಗೆ ಮೀನು ಬದುಕಿರುತ್ತೆ ಅಂತ ಹೈಸ್ಕೂಲಿನಲ್ಲಿ ಬರೆದು ಎರಡು ಅಂಕ ತೆಗೆದುಕೊಂಡಿದ್ದೆ. ಅದೇ ಇದು ಅಂತ ಗೊತ್ತಾಗೋಕೆ ಇಷ್ಟು ವರ್ಷ, ಇಷ್ಟು ಎತ್ತರ ಬೇಕಾಯಿತು. ತಲೆಕೆಳಗೆ ಇಡಬೇಕಾದರೆ ಮುಚ್ಚಳ ಒಂದು ಹನಿಯೂ ಸೋರಬಾರದು, ಆ ವಿಷಯದಲ್ಲಿ ಈ ಬಾಟಲಿ ನನಗೆ ಇದುವರೆಗೆ ಕೈಕೊಟ್ಟಿಲ್ಲ. ಪ್ರತಿ ಸಲ ಕುಡಿದಾದ ಮೇಲೆ ಥ್ರೆಡ್ಡನ್ನ ಗ್ಲೌಸಿನಿಂದ ಒಮ್ಮೆ ಒರೆಸಿ ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿ ಉಳಿದ ಹನಿಯೇ ಅಂಟಾಗುತ್ತದೆ.

ಬೆಳಗಿನ ನಾಲ್ಕಕ್ಕೆ ತೆಗೆದಾಗ ನೀರು ಉಗುರುಬೆಚ್ಚಗಿತ್ತು. ಐದೂವರೆಗೆ ತಣ್ಣಗೆ, ಆದರೆ ನೀರು. ಎರಡನೆಯ ಬಾಟಲಿಯ ತಳದಲ್ಲಿ ಬೆಳಿಗ್ಗೆ ಹೊತ್ತಿಗೆ ಐಸ್ ಕಟ್ಟಿತ್ತು, ಬಾಯಿಯ ಕಡೆ ಇರಲಿಲ್ಲ. ಆ ಸಲ ಶಿಖರ ಸಿಕ್ಕಿತು.

ಹೊರಗಡೆ ಹಾಕೋಕೆ ಫೋಮಿನ ಕವರ್ ಸಿಗುತ್ತದೆ, ಬೆಲೆ ಬಾಟಲಿಯಷ್ಟೇ. ನಾನು ಹಳೆ ಯೋಗ ಮ್ಯಾಟ್ ಕತ್ತರಿಸಿ ಟೇಪ್ ಸುತ್ತಿದೆ, ಕೆಲಸ ನಡೆಯುತ್ತದೆ. ಟೇಪು ಬೇರೆ ಕಡೆ ಹರಿದಿದ್ದಕ್ಕೂ ಬಂತು.

ಫ್ಲಾಸ್ಕ್ ಬಗ್ಗೆ ಎರಡು ಮಾತು. ಬರೀ ಫ್ಲಾಸ್ಕ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಎರಡು ಗೋಡೆಯ ಸ್ಟೀಲು, ಒಂದು ಲೀಟರಿನದ್ದಾದರೆ ಖಾಲಿಯೇ ಅರ್ಧ ಕೆಜಿ ಆಸುಪಾಸು ತೂಗುತ್ತದೆ. ಅಂಥವು ಮೂರು ಹೊರೋಕೆ ನನ್ನಿಂದ ಆಗಲ್ಲ. ಇನ್ನೊಂದು ತೊಂದರೆ ಯಾರೂ ಹೇಳಲ್ಲ: ಬಾಯಾರಿಕೆ ಆದಾಗ ಸುಡುವ ನೀರು ಗಟಗಟ ಕುಡಿಯೋಕೆ ಆಗಲ್ಲ, ಆರುವವರೆಗೆ ಕಾಯುತ್ತಾ ನಿಂತರೆ ಮೈ ತಣ್ಣಗಾಗುತ್ತದೆ. ನಾನು ಮಾಡೋದು ಇಷ್ಟು, ಫ್ಲಾಸ್ಕಿನಲ್ಲಿ ಶುಂಠಿ ಹಾಕಿದ ಸಿಹಿ ಕಡಕ್ ಚಹಾ, ಬಾಟಲಿಯ ನೀರು ತೀರಾ ಕೊರೆಯುತ್ತಿದ್ದರೆ ಒಂದು ಮುಚ್ಚಳ ಅದನ್ನ ಸೇರಿಸಿ ಕುಡಿಯೋದು. ರುಚಿ ಕೇಳಬೇಡಿ. ಫ್ಲಾಸ್ಕ್ ಕೊಳ್ಳುವಾಗ ಬಟನ್ ಒತ್ತಿದರೆ ಸುರಿಯುವಂಥದ್ದು ಬೇಡ, ಆ ಬಟನಿನ ಸಂದಿಯಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಬಟನ್ ಕೂರುತ್ತದೆ. ಪೂರ್ತಿ ತಿರುಗಿಸಿ ತೆಗೆಯುವ ಬಿರಡೆಯೇ ಒಳ್ಳೆಯದು.

ಅಗಲ ಬಾಯಿಯ ಕೊರತೆಯೂ ಹೇಳಬೇಕು. ನಡೆಯುತ್ತಾ ಕುಡಿದರೆ ಮೂಗು, ಗಡ್ಡ, ಜಾಕೆಟ್ಟು ಎಲ್ಲಾ ಒದ್ದೆ. ಜಾಕೆಟ್ ಮೇಲೆ ಬಿದ್ದಿದ್ದು ಹತ್ತು ನಿಮಿಷದಲ್ಲಿ ಐಸ್. ನಿಂತು ಕುಡಿಯಬೇಕು, ಬೇರೆ ದಾರಿ ಇಲ್ಲ. ಒಳಗೆ ಹಾಕಿಕೊಳ್ಳುವ ತಡೆ ಬಿಲ್ಲೆಗಳು ಸಿಗುತ್ತವೆ, ಆದರೆ ಮತ್ತೆ ಸಣ್ಣ ತೂತು, ಮತ್ತೆ ಐಸು, ಹಾಗಾದರೆ ಅಗಲ ಬಾಯಿ ಯಾಕೆ ತಗೊಂಡಿದ್ದು? ಇನ್ನು ವಾಸನೆ. ಈ ಬಿಳಿ ಪ್ಲಾಸ್ಟಿಕ್‌ನ ಗುಣವೇ ಹಾಗೆ, ಹಾಕಿದ್ದರ ವಾಸನೆ ಹಿಡಿದುಕೊಳ್ಳುತ್ತದೆ. ತಪ್ಪು ನನ್ನದೇ, ಸಾವನದುರ್ಗಕ್ಕೆ ಹೋಗುವಾಗ ಅಮ್ಮ ಇದರಲ್ಲಿ ಇಂಗಿನ ಒಗ್ಗರಣೆ ಹಾಕಿದ ಮಜ್ಜಿಗೆ ತುಂಬಿಸಿ ಕೊಟ್ಟರು, ನಾನು ಸುಮ್ನೆ ತಗೊಂಡು ಹೋದೆ. ಸೋಡಾ ಪುಡಿ, ನಿಂಬೆ, ಬಿಸಿಲು, ಎಲ್ಲಾ ಆಯಿತು. ಕಾಂಗ್ ಯಾತ್ಸೆಯ ಬೇಸ್ ಕ್ಯಾಂಪಿನಲ್ಲಿ ಬಿಸಿ ನೀರು ಸುರಿದಾಗ ಟೆಂಟಿನ ತುಂಬ ಇಂಗಿನ ಪರಿಮಳ. ಪಕ್ಕದಲ್ಲಿದ್ದ ಪುಣೆಯವರು "ಯಾರೋ ಸಾಂಬಾರ್ ಮಾಡ್ತಿದ್ದಾರಾ" ಅಂತ ಹಿಂದಿಯಲ್ಲಿ ಕೇಳಿದರು. ಅವತ್ತಿನಿಂದ ಆ ಬಾಟಲಿಗೆ ಓಆರ್‌ಎಸ್ ಕೆಲಸ. ಬದಿಯಲ್ಲಿ ಮಿಲಿಲೀಟರ್ ಗೆರೆಗಳಿವೆ, ಒಂದು ಲೀಟರಿನ ಪ್ಯಾಕೆಟ್ ಕಲಸೋಕೆ ಅಂದಾಜು ಬೇಡ. ಓಆರ್‌ಎಸ್‌ಗೆ ಸ್ವಲ್ಪ ಇಂಗು ಇದ್ದರೆ ಕೆಟ್ಟದಾಗೂ ಇಲ್ಲ.

ವಿಮಾನದಲ್ಲಿ ಹೋಗುವವರು ಬಾಟಲಿ ಖಾಲಿ ಇಟ್ಟುಕೊಳ್ಳಿ, ಸೆಕ್ಯುರಿಟಿಯಲ್ಲಿ ಹೇಗೂ ಚೆಲ್ಲಿಸುತ್ತಾರೆ. ಲೇಹ್ 3,500 ಮೀಟರ್, ಅಲ್ಲಿ ಮುಚ್ಚಳ ತೆಗೆದರೆ ಕೆಲವೊಮ್ಮೆ ಉಸ್ ಅನ್ನುತ್ತೆ, ಒಳಗಿರೋದು ನಮ್ಮ ಬೆಂಗಳೂರಿನ ಗಾಳಿ, ಗಾಬರಿ ಬೇಡ.

ಕೊನೆಗೆ, ಮೂರನೆಯ ಬಾಟಲಿ. ಹೌದು, ಮೂರನೆಯದೂ ಬೇಕು, ಯಾವ ಅಂಗಡಿಯವರೂ ನಿಮಗೆ ಹೇಳಲ್ಲ. ದಿನಕ್ಕೆ ನಾಲ್ಕು ಲೀಟರ್ ಕುಡಿದರೆ ರಾತ್ರಿ ಎರಡು ಮೂರು ಸಲ ಏಳಲೇಬೇಕು, ಹೊರಗೆ ಹಿಮಗಾಳಿ, ಬೂಟು ಹಾಕಿ ಜಿಪ್ ಎಳೆದು ಹೋಗಿ ಬರೋಷ್ಟರಲ್ಲಿ ನಿದ್ದೆಯೂ ಇಲ್ಲ, ಬಿಸಿಯೂ ಇಲ್ಲ. ಅದಕ್ಕೂ ಅಗಲ ಬಾಯಿಯೇ ಅನುಕೂಲ, ಹೆಚ್ಚು ವಿವರಿಸಲ್ಲ. ಆದರೆ ಅದು ನೀರಿನ ಬಾಟಲಿಯ ಹಾಗೆ ಇರಬಾರದು. ಬಣ್ಣ ಬೇರೆ ಇದ್ದರೆ ಸಾಲದು, ಕತ್ತಲಲ್ಲಿ ಬಣ್ಣ ಕಾಣಲ್ಲ. ನಾನು ಯೋಗ ಮ್ಯಾಟಿಗೆ ಸುತ್ತಿ ಉಳಿದ ಟೇಪನ್ನ ಅದರ ಕುತ್ತಿಗೆಗೆ ನಾಲ್ಕು ಸುತ್ತು ದಪ್ಪಗೆ ಸುತ್ತಿದ್ದೇನೆ, ಮುಟ್ಟಿದರೆ ಗ್ಲೌಸಿನಲ್ಲೂ ಗೊತ್ತಾಗಬೇಕು. ಮನೆಗೆ ಬಂದ ಮೇಲೆ ಅದನ್ನ ಬೇರೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಅಮ್ಮನಿಗೆ ಇದೊಂದಕ್ಕೆ ಮಾತ್ರ ಮಜ್ಜಿಗೆ ಹಾಕಬೇಡಿ ಅಂತ ಹೇಳಿದ್ದೇನೆ, ಯಾಕೆ ಅಂತ ಹೇಳಿಲ್ಲ.